ಒದ್ದೆ ಗೋಣಿ

ಆಟಿ ತಿಂಗಳು ಹುಟ್ಟಿ ನಾಲ್ಕೈದು ದಿನ ಕಳೆದಿತ್ತು. ಮಧ್ಯಾಹ್ನದ ಊಟವಾಗಿ, ಮೂಡುಬಿದಿರೆಗೆ ಹೋಗುವ ಮೂರು ಗಂಟೆಯ ಬಸ್ಸು ಸಿದ್ಧಕಟ್ಟೆ ಪೇಟೆ ದಾಟಿದ ಹೊತ್ತು. ಬೆಳಗ್ಗೆ ಹಿಡಿದ ಮಳೆ ಬಿಡುವ ಲಕ್ಷಣ ಇರಲಿಲ್ಲ. ರಸ್ತೆ ಬದಿಯ ಸಣ್ಣ ಮನೆಯ ಜಗಲಿಯಲ್ಲಿ ಕಾಂತಿ ಕಾಲು ಚಾಚಿ, ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಅಂಗಳದಲ್ಲಿ ಸ್ಕೂಟರು ನಿಂತಿತು. ಬಂದವನು ಅಳಿಯ ಶೋಧನ್. ಮೂಡುಬಿದಿರೆಯ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಅವನಿಗೆ ಕೆಲಸ. ಸೋಮವಾರ ರಜೆ, ಸೋಮವಾರ ತಪ್ಪದೆ ಬರುತ್ತಿದ್ದ.

ಜಗಲಿ ಹತ್ತಿ ಅವನು ರೈನ್‌ಕೋಟಿನ ಮೇಲಿನ ಗುಂಡಿ ತೆಗೆದಾಗ ಎದೆಯ ಹತ್ತಿರದಿಂದ ಒಂದು ಕಪ್ಪು ಮೂಗು ಹೊರಗೆ ಬಂತು.

“ಎಂಥದು ಅದು?” ಎಂದಳು ಕಾಂತಿ.

“ನಾಯಿಮರಿ ಮಾಮಿ. ಹೋಟೆಲಿನ ಹಿಂದೆ ಕಟ್ಟಿಗೆ ರಾಶಿಯ ಅಡಿಯಲ್ಲಿ ಇತ್ತು. ತಾಯಿ ಲಾರಿಗೆ ಸಿಕ್ಕಿ ಹೋಯಿತು. ಅಕ್ಷಿಗೆ ಒಂದು ಜೊತೆ ಆದೀತು ಅಂತ ತಂದದ್ದು.”

ಕಾಂತಿ ಒಳಗಿನ ಕೋಣೆಯ ಬಾಗಿಲ ಕಡೆಗೆ ನೋಡಿದಳು. ಬಾಗಿಲು ಓರೆಯಾಗಿತ್ತು. ಒಳಗೆ ಮಗಳು ಅಕ್ಷಿತಾ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಬೇಸ ತಿಂಗಳ ಕೊನೆಗೆ, ಮಳೆ ಹಿಡಿಯುವ ಹೊತ್ತಿನಲ್ಲಿ, ಆಸ್ಪತ್ರೆಯಿಂದ ನೇರ ತಾಯಿಮನೆಗೆ ಬಂದವಳು ಆವತ್ತಿನಿಂದ ಹಾಗೆಯೇ ಮಲಗಿದ್ದಳು. ತುಂಬಿದ ಒಂಬತ್ತು ತಿಂಗಳ ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಅದರ ಮುಖ ನೋಡಿದವನು ಶೋಧನ್ ಒಬ್ಬನೇ. ಮಣ್ಣು ಮಾಡಿದವನೂ ಅವನೇ. ಅಕ್ಷಿತಾ ಕೇಳಲಿಲ್ಲ, ಅವನು ಹೇಳಲಿಲ್ಲ.

ಮದುವೆಯಾದ ಹೊಸತರಲ್ಲಿ ಹೆಣ್ಣುಮಕ್ಕಳು ಆಟಿಗೆ ತಾಯಿಮನೆಗೆ ಬಂದು ಕೂರುವುದು, ಮುಂದಿನ ಸೋಣ ತಿಂಗಳು ಹುಟ್ಟಿದ ಮೇಲೆ ಗಂಡ ಬಂದು ಕರೆದುಕೊಂಡು ಹೋಗುವುದು ಈ ಕಡೆಯ ಕ್ರಮ. ಅಕ್ಷಿತಾಳ ಮದುವೆ ಹಳತಾಗಿತ್ತು. ಆದರೂ ದಾರಿಯಲ್ಲಿ ಹೋಗುವವರು “ಮಗಳು ಆಟಿಗೆ ಬಂದದ್ದಾ?” ಎಂದು ಕೇಳಿದರೆ ಕಾಂತಿ “ಹೌದು, ಆಟಿಗೆ” ಎನ್ನುತ್ತಿದ್ದಳು. ಹಾಗೆ ಹೇಳುವಾಗಲೆಲ್ಲ ಸೋಣಕ್ಕೆ ಹೊರಟಾಳು ಎಂದು ತನಗೆ ತಾನೇ ಹೇಳಿಕೊಂಡ ಹಾಗೆ ಆಗುತ್ತಿತ್ತು. ಶೋಧನ್ ಕೂಡ ಅಷ್ಟೇ ಹೇಳಿದ್ದ: “ಸೋಣದವರೆಗೆ ಇರಲಿ ಮಾಮಿ. ಆಮೇಲೆ ನೋಡುವ.” ಸೋಣಕ್ಕೂ ಏಳದಿದ್ದರೆ ಇವಳು ಇನ್ನು ಏಳುವುದಿಲ್ಲ ಎಂದು ಕಾಂತಿಗೆ ಅನ್ನಿಸಿಹೋಗಿತ್ತು.

ಮರಿ ಒಳಗೆ ಹೋಯಿತು. ಬಿಳಿ ಮೈ, ಒಂದು ಕಿವಿ ಮಾತ್ರ ಕಂದು. ಅಕ್ಷಿತಾಳ ಚಾಪೆಯ ಹತ್ತಿರ ನಿಂತು ಮೂಸಿತು. ಅಲ್ಲೇ ಉಚ್ಚೆ ಹೊಯ್ದಿತು. ಚಾಪೆಯ ಅಂಚು ಒದ್ದೆಯಾದಾಗ ಅಕ್ಷಿತಾ ಎದ್ದು ಕೂತಳು. ಬೈಯಲಿಲ್ಲ, ನಗಲಿಲ್ಲ. ಎದ್ದು ಹಿತ್ತಲ ಬಾಗಿಲಿನಿಂದ ಬಟ್ಟೆ ತಂದು ಒರೆಸಿದಳು. ಅಷ್ಟು ದಿನದಲ್ಲಿ ಯಾರೂ ಹೇಳದೆ ಅವಳು ಎದ್ದದ್ದು ಆವತ್ತೇ. ಕಾಂತಿಯ ಕೈಯ ಬೀಡಿ ಅರ್ಧದಲ್ಲೇ ನಿಂತಿತ್ತು. ಶೋಧನ್ ಅತ್ತೆಯ ಮುಖ ನೋಡಿದ.

ಮರಿಗೆ ಹೆಸರಿಡುವ ಮಾತು ಬಂದಾಗ ಅಕ್ಷಿತಾ “ಹೆಸರು ಬೇಡ” ಎಂದಳು. ಕೂಸಿಗೆ ಇಡಬೇಕೆಂದು ಗಂಡ ಹೆಂಡತಿ ಯಾವುದೋ ಹೆಸರು ಮಾತಾಡಿ ಇಟ್ಟಿದ್ದರು ಎಂಬುದು ಕಾಂತಿಗೆ ಗೊತ್ತಿತ್ತು. ಹಾಗಾಗಿ ಅದು ಬರೀ ಮರಿಯಾಗಿಯೇ ಉಳಿಯಿತು. ಅದರ ಬಿಳಿ ಮೈ ನೋಡಿ ಬೊಳ್ಳು ಎಂದು ಕರೆದದ್ದು ಪಕ್ಕದ ಮನೆಯ ನುಸ್ರತ್. ಅವಳು ದಿನಾ ಮಧ್ಯಾಹ್ನ ತನ್ನ ಮೊರ ತೆಗೆದುಕೊಂಡು ಕಾಂತಿಯ ಜಗಲಿಗೆ ಬೀಡಿ ಕಟ್ಟಲು ಬರುವವಳು.

“ಕಾಂತಿಯಕ್ಕ, ಇದು ಎಂಥ ಮರಿ ಮಾರಾಯ್ತಿ, ಮೈಯೆಲ್ಲ ಹೊಟ್ಟೆ. ಹಾಲು ಹೋಗುವುದು ಒಂದು ದಾರಿ, ಬರುವುದು ಹತ್ತು ದಾರಿ! ಈಗ ಮೂಲೆಯಲ್ಲಿ, ಈಗ ಬಾಗಿಲಲ್ಲಿ. ಇದನ್ನು ಅಂಗನವಾಡಿಗೆ ಹಾಕುವ.”

“ಸಣ್ಣವಳಿರುವಾಗ ಅಂಗನವಾಡಿಯವರು ನಿನ್ನನ್ನು ಇಟ್ಟುಕೊಂಡದ್ದೇ ಹೆಚ್ಚು” ಎಂದಳು ಕಾಂತಿ.

ಒಳಗಿನಿಂದ ಒಂದು ಸಣ್ಣ ಸದ್ದು ಬಂತು. ಅಕ್ಷಿತಾ ಮೂಗಿನಲ್ಲಿ ನಕ್ಕದ್ದು. ನುಸ್ರತ್ ಕಣ್ಣು ಅಗಲ ಮಾಡಿ ಕಾಂತಿಯನ್ನು ನೋಡಿ, ನೂಲು ಹಲ್ಲಲ್ಲಿ ಕಚ್ಚಿಕೊಂಡು ತಲೆ ತಗ್ಗಿಸಿದಳು.

ಕಾಂತಿಯ ಆಯುಷ್ಯದಲ್ಲಿ ಮನೆಯಲ್ಲಿ ನಾಯಿ ಇಲ್ಲದ ವರ್ಷ ಕಡಿಮೆ. ಆದರೆ ಅವೆಲ್ಲ ಅಂಗಳದ ನಾಯಿಗಳು. ಅನ್ನ ಹಾಕಿದರೆ ತಿಂದು, ಗುಡ್ಡೆಗೆ ಹೋಗಿ ಬಂದು, ಜಗಲಿಯ ಕೆಳಗೆ ಮಲಗುವವು. ಎಲ್ಲಿ ಹೋಗಬೇಕು, ಎಲ್ಲಿ ಹೋಗಬಾರದು ಎಂದು ಅವಕ್ಕೆ ಯಾರೂ ಹೇಳಿಕೊಟ್ಟದ್ದಿಲ್ಲ. ಈ ಮರಿಯನ್ನು ಹೊರಗೆ ಬಿಡುವ ಹಾಗಿರಲಿಲ್ಲ. ಅಂಗಳದಲ್ಲಿ ಹೊಳೆಯ ಹಾಗೆ ನೀರು. ಹಿಂದಿನ ಗುಡ್ಡೆಯಲ್ಲಿ ಚಿರತೆ ಓಡಾಡುತ್ತದೆಂಬ ಸುದ್ದಿ ಬೇರೆ. ಹೊರಗೆ ಇಳಿಸಿದರೆ ಅದು ನಡುಗಿ, ಹೊಟ್ಟೆ ಬಿಗಿಹಿಡಿದು, ಒಳಗೆ ಬಂದ ಕೂಡಲೇ ನೆಲ ಒದ್ದೆ ಮಾಡುತ್ತಿತ್ತು. ಅಕ್ಷಿತಾ ಕೊಡೆ ಹಿಡಿದು ಅದರ ಹಿಂದೆ ನಿಲ್ಲುತ್ತಿದ್ದಳು, ಸೀರೆಯ ನೆರಿಗೆ ಕೆಸರಾಗುವವರೆಗೆ. ಒಳಗೆ ಬಂದು ಅದು ಮತ್ತೆ ಅದೇ ಮಾಡಿದಾಗ ಒರೆಸುವ ಬಟ್ಟೆ ಕೈಯಲ್ಲಿ ಹಿಡಿದು ಹಾಗೆಯೇ ಕೂತುಬಿಡುತ್ತಿದ್ದಳು.

“ನನ್ನ ಕೈಗೆ ಯಾವುದೂ ಆಗುವುದಿಲ್ಲ ಅಮ್ಮ” ಎಂದಳು ಒಂದು ಬೆಳಗ್ಗೆ.

ಆ ಮಾತು ಕೇಳಿ ಕಾಂತಿ ಒಂದು ಉಪಾಯ ಮಾಡಿದಳು. ಅಟ್ಟದಿಂದ ಹಳೆಯ ಅಕ್ಕಿ ಗೋಣಿ ಇಳಿಸಿ, ಅರ್ಧ ಕತ್ತರಿಸಿ, ಮರಿಯ ಉಚ್ಚೆಯನ್ನೇ ಅದರಿಂದ ಒರೆಸಿ, ಜಗಲಿಯ ತುದಿಯ ಕಟ್ಟಿಗೆ ಮೂಲೆಯಲ್ಲಿ ಹಾಸಿದಳು.

“ನೋಡು ಮಗಾ, ಮಳೆ ಬಿಡುವವರೆಗೆ ಇದು ಇದರ ಜಾಗ. ತಿಂದ ಕೂಡಲೇ ಇಲ್ಲಿ ತಂದು ಬಿಡು, ಎದ್ದ ಕೂಡಲೇ ಇಲ್ಲಿ ತಂದು ಬಿಡು. ಹೊಡೆಯಬೇಡ, ಜೋರು ಮಾಡಬೇಡ. ಮಾಡಿತು ಅಂತಾದರೆ ಒಂದು ಚೂರು ಒಣಮೀನು ಕೊಡು. ಮೂಸಿ ನೆನಪಿಟ್ಟುಕೊಳ್ತದೆ. ಮಳೆ ಕಡಿಮೆ ಆದ ಮೇಲೆ ಗೋಣಿಯನ್ನು ಸ್ವಲ್ಪ ಸ್ವಲ್ಪ ಅಂಗಳಕ್ಕೆ ಜಾರಿಸುವ.”

ಅಕ್ಷಿತಾ ಹೇಳಿದ ಹಾಗೆ ಮಾಡಿದಳು. ಮಾತು ಕೇಳುವುದರಲ್ಲಿ ಅವಳು ಮೊದಲಿನಿಂದಲೂ ಹಾಗೆ. ಬಸುರಿಯಾಗಿದ್ದಾಗ ಎಡಕ್ಕೆ ಮಲಗು ಎಂದರೆ ಎಡಕ್ಕೇ ಮಲಗಿದವಳು. ಕೊಡಪಾನ ಎತ್ತಬೇಡ ಎಂದರೆ ಚೊಂಬೂ ಎತ್ತದೆ ಇದ್ದವಳು. ಈಗ ಬೆಳಕು ಹರಿಯುವ ಮೊದಲು ಎದ್ದು ಮರಿಯನ್ನು ಎತ್ತಿ ಗೋಣಿಯ ಮೇಲೆ ಬಿಟ್ಟು, ಎದುರಿಗೆ ಕುಕ್ಕುರುಗಾಲಲ್ಲಿ ಕೂತು ಕಾಯುತ್ತಿದ್ದಳು. ಮರಿ ಕಟ್ಟಿಗೆ ಮೂಸುತ್ತಿತ್ತು, ಅವಳ ಕಾಲುಂಗುರ ಕಚ್ಚುತ್ತಿತ್ತು, ಬಾಲ ಹಿಡಿಯಲು ಹೋಗಿ ಉರುಳುತ್ತಿತ್ತು. ಅವಳು ಕಾಯುತ್ತಿದ್ದಳು. ಕಾಯಬೇಕಾದರೆ ಹೊಟ್ಟೆ ಹಸಿಯುತ್ತದಲ್ಲ. ನಿಧಾನಕ್ಕೆ ಗಂಜಿ ಕೇಳತೊಡಗಿದಳು. ತಲೆಗೆ ಎಣ್ಣೆ ಹಾಕಿಕೊಂಡಳು. ಕಾಂತಿ ಯಾವುದನ್ನೂ ಕಂಡದ್ದಾಗಿ ತೋರಿಸಲಿಲ್ಲ. ಕಂಡೆ ಎಂದರೆ ನಿಂತುಹೋದೀತು ಎಂಬ ಹೆದರಿಕೆ.

ಒಂದು ಮಧ್ಯಾಹ್ನ ಮರಿ ಒಳಕೋಣೆಯಲ್ಲಿ ನಿದ್ರೆಯಿಂದ ಎದ್ದು, ಯಾರೂ ಎತ್ತದೆ ಕರೆಯದೆ, ಹೊಸ್ತಿಲಲ್ಲಿ ಒಮ್ಮೆ ಮುಗ್ಗರಿಸಿ, ಜಗಲಿಯ ಉದ್ದಕ್ಕೆ ಓಡಿ ಗೋಣಿಯ ಮೇಲೆ ಹೋಗಿ ಕೂತಿತು. ಮುಗಿಸಿ, ತಿರುಗಿ ಅಕ್ಷಿತಾಳ ಮುಖ ನೋಡಿತು.

“ಬೊಳ್ಳು!” ಎಂದಳು ಅಕ್ಷಿತಾ. “ಅಮ್ಮ, ನೋಡಿದಿರಾ? ಬೊಳ್ಳು ತಾನೇ ಹೋಯಿತು!”

ಹೆಸರು ಬೇಡ ಎಂದಿದ್ದವಳ ಬಾಯಿಂದಲೇ ಹೆಸರು ಬಂದಿತ್ತು. ಆ ಸೋಮವಾರ ಶೋಧನ್ ಬಂದಾಗ ಅವಳೇ ಚಾ ಮಾಡಿ ತಂದು ಕೊಟ್ಟಳು, ಬೊಳ್ಳು ಮಾಡಿದ್ದನ್ನು ಹೇಳಿದಳು. ಅವನು ಚಾ ಆರುವವರೆಗೆ ಕೇಳಿದ. ಹೊರಡುವಾಗ ಅಂಗಳದಿಂದ ತಿರುಗಿ “ಬರ್ತೇನೆ ಮಾಮಿ, ಬರ್ತೇನೆ ಅಕ್ಷಿ” ಎಂದು ಎರಡೆರಡು ಸಲ ಹೇಳಿ ಹೋದ. ಆವತ್ತು ಕಾಂತಿ ಅಕ್ಕಿಯ ಪತ್ತಾಯದ ಮೇಲಿನ ದೇವರ ಪಟಕ್ಕೆ ಹೆಚ್ಚು ಹೊತ್ತು ಕೈಮುಗಿದಳು.

ಮಳೆಗಾಲದಲ್ಲಿ ಈ ಊರಿನ ಮನೆಗಳಲ್ಲಿ ಒದ್ದೆ ಗೋಣಿ ಇಲ್ಲದ ಬಾಗಿಲೇ ಇಲ್ಲ. ಕೆಸರು ಕಾಲು ಒರೆಸಲು ಎದುರಿನ ಬಾಗಿಲಿಗೊಂದು, ಹಿತ್ತಲ ಬಾಗಿಲಿಗೊಂದು, ಬಚ್ಚಲಿನ ಎದುರಿಗೊಂದು. ಹುಟ್ಟಿದಂದಿನಿಂದ ಆ ಗೋಣಿಗಳ ಮೇಲೆ ಕಾಲು ಒರೆಸಿದ ಕಾಂತಿಗೆ ಮರಿಗೆ ಗೋಣಿ ಹಾಸುವಾಗ ಅದು ಹೊಳೆದಿರಲಿಲ್ಲ. ದಿನಾ ಕಾಣುವ ವಸ್ತು ಕಣ್ಣಿಗೆ ಬೀಳುವುದಿಲ್ಲ.

ಬೊಳ್ಳುವಿನ ಕಣ್ಣಿಗೆ ಬಿತ್ತು. ಗೋಣಿ ಎಂದರೆ ಜಾಗ ಎಂದು ಅದಕ್ಕೆ ಕಲಿಸಿದ್ದಾಗಿತ್ತು. ಯಾವ ಗೋಣಿ ಎಂದು ಕಲಿಸಿದವರು ಯಾರು? ಹಿತ್ತಲ ಬಾಗಿಲಲ್ಲಿ ಮಾಡಿತು, ಬಚ್ಚಲಿನ ಎದುರು ಮಾಡಿತು. ಮಾಡಿದಾಗಲೆಲ್ಲ ಮೀನಿನ ಚೂರಿಗೆ ಕಾದು ನಿಂತಿತು. ಮೊದಲು ಅಕ್ಷಿತಾಳಿಗೆ ನಗು ಬಂತು. ಕಾಂತಿ ಮನೆಯ ಗೋಣಿಗಳನ್ನೆಲ್ಲ ತೆಗೆದು ಹಳೆಯ ಸೀರೆಯ ತುಂಡು ಹಾಸಿದಳು. ಆದರೆ ಮರಿಗೆ ಕಾಲು ಬಂದಿತ್ತು. ಬೇಲಿ ನುಸುಳಿ ನುಸ್ರತ್‌ಳ ಮನೆಯ ಹೊಸ್ತಿಲ ಗೋಣಿಗೂ ಹೋಗಿ ಬಂತು.

ಮರುದಿನ ನುಸ್ರತ್ ಮೊರ ತೆಗೆದುಕೊಂಡು ಬರಲಿಲ್ಲ. ಬೇಲಿಯ ಹತ್ತಿರ ನಿಂತು ಕರೆದಳು.

“ಕಾಂತಿಯಕ್ಕ, ಬೇಜಾರು ಮಾಡಬೇಡಿ ಆಯ್ತಾ. ನಮ್ಮ ಮಾಮಿ ನಮಾಜಿಗೆ ಕಾಲು ತೊಳೆದು ಬಂದು ಆ ಗೋಣಿಗೇ ಕಾಲಿಟ್ಟದ್ದು. ಪುನಃ ಎಲ್ಲ ತೊಳೆಯಬೇಕು, ಬಟ್ಟೆ ಬದಲಿಸಬೇಕು. ಈ ಮಳೆಗೆ ಅವರ ಬಟ್ಟೆ ಒಣಗುವುದು ಎಲ್ಲಿ? ಮಾಮಿಯ ಬಾಯಿ ನಿಮಗೆ ಗೊತ್ತುಂಟಲ್ಲ. ಸ್ವಲ್ಪ ದಿನ ನಾನು ಮನೆಯಲ್ಲೇ ಕಟ್ಟುತ್ತೇನೆ. ನನ್ನ ಎಲೆ ಮಾತ್ರ ನಿಮ್ಮಲ್ಲೇ ನೆನೆ ಹಾಕಿ, ನಮ್ಮಲ್ಲಿ ಮಾಡು ಸೋರುತ್ತದೆ.”

“ಅವರು ಹೇಳಿದ್ದರಲ್ಲಿ ತಪ್ಪಿಲ್ಲ ನುಸ್ರತ್” ಎಂದಳು ಕಾಂತಿ.

“ತಪ್ಪಿಲ್ಲ. ಆದರೆ ಇನ್ನು ಅವರ ಜೊತೆ ಕೂತು ಬೀಡಿ ಕಟ್ಟಬೇಕಾದವಳು ನಾನಲ್ವಾ!” ಎಂದು ನುಸ್ರತ್ ನಕ್ಕು ಒಳಗೆ ಹೋದಳು.

ಅಕ್ಷಿತಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಆವತ್ತಿನಿಂದ ಅವಳ ನಗು ನಿಂತಿತು. ಮರಿಯನ್ನು ಕಣ್ಣಿನಿಂದ ಬಿಡದೆ ಕಾಯತೊಡಗಿದಳು. ಕಟ್ಟಿಗೆ ಮೂಲೆಯ ಗೋಣಿಯನ್ನು ದಿನಕ್ಕೆ ಒಂದು ಗೇಣಿನಷ್ಟು ಅಂಗಳದ ಕಡೆಗೆ ಜಾರಿಸಿದಳು. ಬೊಳ್ಳು ಗೋಣಿಯ ಹಿಂದೆಯೇ ಹೋಗುತ್ತಿತ್ತು. ಜಗಲಿಯ ಮೆಟ್ಟಿಲಿನವರೆಗೆ ಬಂತು, ಸೂರಿನ ನೀರು ಬೀಳುವಲ್ಲಿಯವರೆಗೂ ಬಂತು. ಇನ್ನು ಒಂದೇ ಒಂದು ಬಿಸಿಲು ಬಂದಿದ್ದರೆ ಸಾಕಿತ್ತು ಎಂದು ಕಾಂತಿ ಆಮೇಲೆ ಎಷ್ಟೋ ಸಲ ಅಂದುಕೊಂಡಳು.

ಬಿಸಿಲು ಬರಲಿಲ್ಲ. ಆಟಿಯ ಕೊನೆಯ ಶುಕ್ರವಾರ ಬಂತು.

ಬೀಡಿ ಎಲೆಯನ್ನು ಒಣಗಿದ ಹಾಗೆಯೇ ಕತ್ತರಿಸಿದರೆ ಒಡೆಯುತ್ತದೆ. ನೀರಿನಲ್ಲಿ ಅದ್ದಿ, ಒದ್ದೆ ಗೋಣಿಯಲ್ಲಿ ಸುತ್ತಿ ಇಡಬೇಕು, ಆಗ ಮೆತ್ತಗಾಗುತ್ತದೆ. ಆ ಗೋಣಿಯ ಗಂಟನ್ನು ಮರಿ ಬಂದ ಮೇಲೆ ಕಾಂತಿ ಎತ್ತರದ ಮೇಜಿನ ಮೇಲೆಯೇ ಇಡುತ್ತಿದ್ದಳು. ಆವತ್ತು ಅವಳ ಎಲೆ, ನುಸ್ರತ್‌ಳ ಎಲೆ ಎರಡೂ ಸೇರಿ ಗಂಟು ಭಾರವಾಗಿತ್ತು. ಬೆಳಗ್ಗೆ ಅದನ್ನು ಇಳಿಸಿ ಜಗಲಿಯ ನೆಲದಲ್ಲಿಟ್ಟು, ಕತ್ತರಿ ತರಲು ಒಳಗೆ ಹೋದಳು. ಒಲೆಯ ಮೇಲಿನ ಅನ್ನ ಉಕ್ಕುತ್ತಿತ್ತು, ಅದನ್ನೂ ಇಳಿಸಿದಳು. ಬರುವಾಗ ಬೊಳ್ಳು ಗಂಟಿನ ಮೇಲೆ ಹತ್ತಿ ಕೂತಿತ್ತು. ಉಚ್ಚೆ ಮಾತ್ರವಲ್ಲ.

ಬಾಯಿಗೆ ಇಡುವ ವಸ್ತು. ತೊಳೆದು ಮುಚ್ಚಿಡುವ ಬಾಬತ್ತಲ್ಲ. ಮರುದಿನ ಬೀಡಿ ಕಂಪೆನಿಯ ಬ್ರಾಂಚಿಗೆ ಕಟ್ಟಿದ ಬೀಡಿ ಕೊಡುವ ದಿನ, ಅದರಲ್ಲಿ ಅರ್ಧ ಬೇರೆಯವಳ ಎಲೆ. ಕಾಂತಿ ಜೋರಾಗಿ ಮಾತಾಡಿದ್ದನ್ನು ಆ ಕೇರಿಯಲ್ಲಿ ಕೇಳಿದವರಿಲ್ಲ. ಗಂಡ ಸತ್ತಾಗಲೂ ಅವಳು ದೊಡ್ಡ ಸ್ವರ ತೆಗೆದಿರಲಿಲ್ಲ. ಆವತ್ತು ತೆಗೆದಳು.

“ಹಾಳಾಗಿ ಹೋಗು! ಯಾರು ಕಲಿಸಿದ್ದು ನಿನಗೆ ಇದನ್ನು? ಯಾರು ಕಲಿಸಿದ್ದು?”

ಹೇಳಿದ್ದು ಮರಿಗೆ. ಕೇಳಿದ್ದು ಬಾಗಿಲಲ್ಲಿ ನಿಂತಿದ್ದ ಅಕ್ಷಿತಾಳಿಗೆ. ಅವಳ ಮುಖದ ನೀರು ಇಳಿದದ್ದನ್ನು ಕಾಂತಿ ಕಂಡಳು. ಕಂಡಾಗ ಮಾತು ಬಾಯಿ ದಾಟಿ ಆಗಿತ್ತು.

ಅಕ್ಷಿತಾ ಮೂಲೆಯಲ್ಲಿದ್ದ ಗುಡಿಸುವ ಹಿಡಿಸೂಡಿ ಎತ್ತಿಕೊಂಡಳು. ಒಂದು ಕೊಟ್ಟಳು. ಮರಿ ಕುಂಯ್ ಎಂದಿತು. ಇನ್ನೊಂದು ಕೊಟ್ಟಳು. ಕಾಂತಿ “ಬಿಡು ಮಗಾ, ಬಿಡು” ಎನ್ನುತ್ತ ಅವಳ ರಟ್ಟೆ ಹಿಡಿಯಲು ಹೋದಳು. ಅಕ್ಷಿತಾ ಕೊಡವಿಕೊಂಡು ಮತ್ತೂ ಕೊಟ್ಟಳು. ಅವಳು ಅಳುತ್ತಿರಲಿಲ್ಲ, ಹಲ್ಲು ಕಚ್ಚಿದ್ದಳು. ಮರಿ ಗೋಡೆಗೆ ತಾಗಿ, ಮೊರಕ್ಕೆ ತಾಗಿ, ಹೊಗೆಸೊಪ್ಪಿನ ಹುಡಿ ಚೆಲ್ಲಿ, ಕೊನೆಗೆ ಓಡಿದ್ದು ಎಲ್ಲಿಗೆ? ಮೆಟ್ಟಿಲ ಹತ್ತಿರದ ಆ ಗೋಣಿಯ ತುಂಡಿಗೆ. ಅದರ ಮೇಲೆ ಹೋಗಿ, ಬಾಲ ಹೊಟ್ಟೆಗೆ ಸೇರಿಸಿ, ಹೊಟ್ಟೆಯಲ್ಲಿ ಏನೂ ಉಳಿಯದಿದ್ದರೂ ಹಿಂಗಾಲು ಬಗ್ಗಿಸಿ ಕೂತಿತು. ಎರಡು ಹನಿ ಬಿದ್ದಿರಬೇಕು. ತಿರುಗಿ ಅಕ್ಷಿತಾಳ ಮುಖ ನೋಡಿತು. ಎಲ್ಲ ಸರಿ ಮಾಡಿದ್ದೇನೆ, ಈಗಲಾದರೂ ಹೊಡೆಯಬೇಡ ಎಂಬ ಹಾಗೆ.

ಹಿಡಿಸೂಡಿ ಕೈಯಿಂದ ಬಿತ್ತು.

“ಅಮ್ಮ, ಹೇಳಿಕೊಟ್ಟದ್ದನ್ನೇ ಅಲ್ವಾ ಅದು ಮಾಡಿದ್ದು?” ಎಂದಳು ಅಕ್ಷಿತಾ. ಸ್ವರ ಬಹಳ ಸಣ್ಣಗಿತ್ತು. “ನಾನೂ ಹೇಳಿದ್ದನ್ನೆಲ್ಲ ಮಾಡಿದ್ದೆ.”

ತಪ್ಪು ನಿನ್ನದಲ್ಲ, ಗೋಣಿ ಹಾಸಿದ್ದು ನಾನು ಎಂದು ಕಾಂತಿ ಹೇಳಬಹುದಿತ್ತು. ಹೇಳಿದಳು ಕೂಡ, ಒಮ್ಮೆಯಲ್ಲ, ಆ ದಿನವಿಡೀ ಹೇಳಿದಳು. ಅಕ್ಷಿತಾ ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮಾತು ಅವಳ ಬೆನ್ನಿಗೆ ತಾಗಿ ಕೆಳಗೆ ಬೀಳುತ್ತಿತ್ತು.

ಎಲೆಯ ಸುದ್ದಿ ಕೇಳಿ ನುಸ್ರತ್ ಬೇಲಿಯವರೆಗೆ ಬಂದಳು. “ಎಲೆ ಹೋದರೆ ಹೋಯಿತು ಕಾಂತಿಯಕ್ಕ. ಬ್ರಾಂಚಿನವನ ಹತ್ತಿರ ನಾನೇ ಮಾತಾಡ್ತೇನೆ, ಅವನೇನು ನುಂಗುವುದಿಲ್ಲ. ಅಕ್ಷಿತಾ ಊಟ ಮಾಡಿದಳಾ?”

ಕಾಂತಿ ಇಲ್ಲ ಎಂದು ತಲೆಯಾಡಿಸಿದಳು.

ನುಸ್ರತ್ ತನ್ನ ಅತ್ತೆಯ ಮಾತು ಲೆಕ್ಕಿಸದೆ ಬೇಲಿ ದಾಟಿ ಬಂದು, ಒಳಕೋಣೆಯ ಬಾಗಿಲಲ್ಲಿ ನಿಂತು ಕರೆದಳು: “ಅಕ್ಷಿತಾ, ಏಳು ಮಾರಾಯ್ತಿ. ಬೊಳ್ಳು ಹುಡುಕ್ತಾ ಉಂಟು ನಿನ್ನನ್ನು. ಒಂದು ನಾಯಿಮರಿ ಮಾಡಿದ್ದಕ್ಕೆ ಇಷ್ಟೆಲ್ಲ ಉಂಟಾ?” ಅಕ್ಷಿತಾ ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡಳು. ನುಸ್ರತ್ ಕಣ್ಣು ಒರೆಸಿಕೊಂಡು ಹೋದಳು.

ಮರಿ ಒಳಕೋಣೆಯ ಹೊಸ್ತಿಲವರೆಗೆ ಹೋಗಿ ಕೂರುತ್ತಿತ್ತು. ಒಳಗೆ ಕಾಲಿಡುತ್ತಿರಲಿಲ್ಲ. ಕಾಂತಿಯೇ ಅನ್ನ ಹಾಕಿದಳು, ಕಾಂತಿಯೇ ಗೋಣಿಯ ಮೇಲೆ ಬಿಟ್ಟಳು. ಈಗ ಅದು ಗೋಣಿಯ ಮೇಲೂ ಮಾಡುತ್ತಿರಲಿಲ್ಲ. ಮುಖ ನೋಡಿ ನಡುಗುತ್ತಿತ್ತು, ಎತ್ತಿದಾಗ ಎತ್ತಿದವರ ಸೀರೆಯ ಮೇಲೆಯೇ ಹೋಗಿಬಿಡುತ್ತಿತ್ತು. ಕಲಿಸಿದ್ದೆಲ್ಲ ಒಂದು ಬೆಳಗ್ಗೆಯಲ್ಲಿ ಅಳಿಸಿಹೋಗಿತ್ತು. ಕಾಂತಿ ಸೀರೆ ಬದಲಿಸಿ ಬಂದು ಮತ್ತೆ ಎತ್ತುತ್ತಿದ್ದಳು.

ಭಾನುವಾರ ಸೋಣ ಸಂಕ್ರಮಣ. ಮನೆಮನೆಯ ಹೊಸ್ತಿಲಿಗೆ ಹೂವಿಡುವ ತಿಂಗಳು ಶುರುವಾಯಿತು. ಕಾಂತಿ ಮಗಳ ಹತ್ತಿರ ಕೂತು, “ನಾಳೆ ಅವರು ಬರ್ತಾರೆ. ತಲೆಗೆ ನೀರು ಹಾಕಿಕೊಳ್ತೀಯಾ?” ಎಂದು ಕೇಳಿದಳು. ಅಕ್ಷಿತಾ ಕಣ್ಣು ತೆರೆದೇ ಇದ್ದಳು, ಏಳಲಿಲ್ಲ.

ಸೋಮವಾರ ಶೋಧನ್ ಬಂದ. ಬರುವಾಗ ಹೊಸದೊಂದು ಹೆಲ್ಮೆಟ್ಟು ತಂದಿದ್ದ. ಹಿಂದೆ ಕೂರುವವರಿಗೂ ಈಗ ಬೇಕಲ್ಲ. ಅದನ್ನು ಜಗಲಿಯ ಮೇಲೆ ಜಾಗ್ರತೆಯಿಂದ ಇಟ್ಟು ಅತ್ತೆಯ ಮುಖ ನೋಡಿದ. ನೋಡಿದ ಮೇಲೆ ಏನೂ ಕೇಳಬೇಕಾಗಲಿಲ್ಲ. ಒಳಗೆ ಹೋಗಿ ಹೆಂಡತಿಯ ಚಾಪೆಯ ಹತ್ತಿರ ಕೂತ.

“ಹೋಗುವ ಅಕ್ಷಿ. ಸೋಣ ಬಂತು.”

“ಮರಿಯನ್ನು ಕರ್ಕೊಂಡು ಹೋಗಿ” ಎಂದಳು ಅಕ್ಷಿತಾ, ಗೋಡೆಯ ಕಡೆಯಿಂದಲೇ.

“ನೀನು?”

“ನನ್ನ ಹತ್ತಿರ ಯಾವುದನ್ನೂ ಬಿಡಬೇಡಿ. ಬಿಟ್ಟದ್ದು ಯಾವುದೂ ಒಳ್ಳೆಯದಾಗುವುದಿಲ್ಲ. ನೀವೂ ಇನ್ನು ಬರುವುದು ಬೇಡ.”

ಕಾಂತಿ ಅಡುಗೆಮನೆಯಲ್ಲಿ ಚಾದ ನೀರು ಕುದಿಸಿ, ಆರಿಸಿ, ಮತ್ತೆ ಕುದಿಸಿದಳು. ಒಳಗಿನಿಂದ ಒಂದು ಸಲ ಶೋಧನ್‌ನ ಸ್ವರ ಕೇಳಿತು: “ಹುಡುಗಿ. ನಿನ್ನದೇ ಮೂಗು ಇತ್ತು ಅದಕ್ಕೆ.” ಅಕ್ಷಿತಾ ಕೇಳದಿದ್ದರೂ ಅವನು ಹೇಳಿದ್ದ.

ಹೊರಗೆ ಬಂದು ಅವನು ಚಾ ಕುಡಿಯದೆ ರೈನ್‌ಕೋಟು ಹಾಕಿಕೊಂಡ. ಕಾಂತಿ ಮರಿಯನ್ನು ಎತ್ತಿ ಕೊಟ್ಟಳು. “ಇದು ಇಲ್ಲೇ ಇರಲಿ, ನಾನು ನೋಡಿಕೊಳ್ತೇನೆ” ಎಂದು ಹೇಳಲು ಬಾಯಿವರೆಗೆ ಬಂದಿತ್ತು. ಆದರೆ ಮರಿಯ ಕುಂಯ್ ಕೇಳಿದಾಗಲೆಲ್ಲ ಒಳಗೆ ಮಗಳು ಕಿವಿ ಮುಚ್ಚಿಕೊಳ್ಳುವುದನ್ನು ಅವಳು ಮೂರು ದಿನದಿಂದ ಕಂಡಿದ್ದಳು. ಗುಂಡಿ ಹಾಕಿದ ಮೇಲೆ ಅವನ ಎದೆಯ ಹತ್ತಿರ ಮೂಗು ಮಾತ್ರ ಕಾಣುತ್ತಿತ್ತು, ಬಂದ ದಿನದ ಹಾಗೆಯೇ.

“ಹೋಗ್ತೇನೆ ಮಾಮಿ” ಎಂದ ಶೋಧನ್.

“ಬರ್ತೇನೆ ಅನ್ನಿ ಮಗಾ.”

ಅವನು ಸ್ಕೂಟರಿನ ಮೇಲೆ ಕೂತು, ಹೆಲ್ಮೆಟ್ಟಿನ ಪಟ್ಟಿ ಕಟ್ಟಿಕೊಂಡು, ಆ ಮಾತು ಹೇಳದೆಯೇ ಹೊರಟ.

ಹೊಸ ಹೆಲ್ಮೆಟ್ಟು ಜಗಲಿಯಲ್ಲೇ ಉಳಿಯಿತು. ಮೆಟ್ಟಿಲ ಹತ್ತಿರದ ಗೋಣಿಯ ತುಂಡನ್ನು ಕಾಂತಿ ತೆಗೆಯಲಿಲ್ಲ; ಅದರ ಮೇಲೆ ಕಾಲು ಒರೆಸಲೂ ಇಲ್ಲ. ಹೆಂಡತಿಯನ್ನು ಕರೆದುಕೊಂಡು ಹೋಗಲು ಬಂದ ಶೋಧನ್ ನಾಯಿಮರಿಯನ್ನು ಕರೆದುಕೊಂಡು ಹೋದದ್ದು ಸೋಣ ತಿಂಗಳು ಹುಟ್ಟಿದ ಮರುದಿನ, ಸೋಮವಾರ.